ಆಣೆ ಹಾಕಿಸುವ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ

ಬುಧವಾರ ಸಂಜೆ ಅವರು ಊರ ದೇವರ ಮುಂದೆ ಕರ್ಪೂರ ಮುಟ್ಟಿ ಆಣೆ ಮಾಡಿದರು. "ಇನ್ನು ಎಣ್ಣೆ ಮುಟ್ಟಿದ್ರೆ ಕೇಳಿ" ಅಂದರು. ಗುರುವಾರ ಬೆಳಿಗ್ಗೆ ಚಾ ಲೋಟ ಹಿಡಿಯಲಾಗದಷ್ಟು ಕೈ ನಡುಗಿತು. "ಒಳಗಿನ ವಿಷ ಹೊರಗೆ ಹೋಗ್ತಿದೆ, ತಡ್ಕೊಳ್ಳಿ" ಅಂದರು ಮನೆಯವರು. ಅಂದೇ ರಾತ್ರಿ ಫಿಟ್ಸ್ ಬಂತು. ಕೈಗೆ ಬೀಗದ ಕೈ ಹಿಡಿಸಿದರು. ಶನಿವಾರ ರಾತ್ರಿ ಗೋಡೆ ತುಂಬ ಹುಳ ಹರೀತಿವೆ ಎಂದು ಕೂಗಾಡಿದರು. ತೀರಿಹೋದ ಅಪ್ಪ ಬಾಗಿಲಲ್ಲಿ ನಿಂತಿದ್ದಾರೆ ಎಂದರು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದಾಯಿತು. ಕೊನೆಗೆ ಪಕ್ಕದ ಮನೆಯ ಹುಡುಗ 108ಕ್ಕೆ ಫೋನ್ ಮಾಡಿದ.

ಅವರು ನಮ್ಮ ಗುಂಪಿನ ಒಬ್ಬರ ಸೋದರಮಾವ. ಬದುಕಿ ಬಂದರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಮಾತು: "ಬಿಟ್ಟ ದಿನವೇ ಯಾಕೆ ಕರ್ಕೊಂಡು ಬರ್ಲಿಲ್ಲ?" ನಮ್ಮಲ್ಲಿ ಉತ್ತರ ಇರಲಿಲ್ಲ. ಪತ್ರಿಕೋದ್ಯಮ ಓದಿದವರು ನಾವು. ನಮಗೂ ಗೊತ್ತಿರಲಿಲ್ಲ.

ಅದಕ್ಕೇ ಇದನ್ನು ನೇರವಾಗಿ ಹೇಳುತ್ತಿದ್ದೇವೆ. ಕುಡಿತ ಬಿಡುವ ಮೊದಲ ವಾರ ಗಂಡಸುತನದ ಪರೀಕ್ಷೆ ಅಲ್ಲ, ದೇವರ ಭಯದ ಪರೀಕ್ಷೆಯೂ ಅಲ್ಲ. ಅದು ವೈದ್ಯರು ನೋಡಬೇಕಾದ ಕಾಯಿಲೆ. ಅದನ್ನು ಆಣೆ, ಬೈಗುಳ, ಬೀಗ ಹಾಕಿದ ಕೋಣೆಗೆ ಒಪ್ಪಿಸಿ ನಾವು ಜನರನ್ನು ಸಾವಿನ ಬಾಗಿಲಿಗೆ ತಳ್ಳುತ್ತಿದ್ದೇವೆ.

ದೇಹದಲ್ಲಿ ನಡೆಯುವುದು ಇಷ್ಟು. ಮದ್ಯ ಮೆದುಳಿನ ಓಟವನ್ನು ನಿಧಾನ ಮಾಡುತ್ತದೆ. ವರ್ಷಗಟ್ಟಲೆ ದಿನಾ ಕುಡಿದವರ ಮೆದುಳು ಅದನ್ನು ಎದುರಿಸಲು ತಾನೇ ಜೋರಾಗಿ ಓಡುವುದನ್ನು ಕಲಿತಿರುತ್ತದೆ. ಇಳಿಜಾರಿನಲ್ಲಿ ಗಾಡಿಯ ಬ್ರೇಕ್ ಒಮ್ಮೆಲೇ ಬಿಟ್ಟರೆ ಏನಾಗುತ್ತದೋ, ಕುಡಿತ ಒಮ್ಮೆಲೇ ನಿಲ್ಲಿಸಿದರೆ ಅದೇ ಆಗುತ್ತದೆ. ಕೊನೆಯ ಗುಟುಕಿನಿಂದ ಆರೆಂಟು ಗಂಟೆಯಲ್ಲಿ ನಡುಕ, ಬೆವರು, ವಾಕರಿಕೆ, ಎದೆ ಬಡಿತ ಶುರುವಾಗಬಹುದು. ಮೊದಲ ಎರಡು ದಿನ ಫಿಟ್ಸ್ ಭಯ ಹೆಚ್ಚು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಬುದ್ಧಿ ಕಲಸಿಹೋಗುತ್ತದೆ. ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ, ಯಾರು ಏನು ಅಂತ ಗೊತ್ತಾಗುವುದಿಲ್ಲ. ಇದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಚಿಕಿತ್ಸೆ ಸಿಕ್ಕರೆ ಹೆಚ್ಚಿನವರಿಗೆ ಐದರಿಂದ ಏಳು ದಿನದಲ್ಲಿ ದೇಹ ಹತೋಟಿಗೆ ಬರುತ್ತದೆ.

ಎಲ್ಲರಿಗೂ ಹೀಗೆ ಆಗುವುದಿಲ್ಲ. ವಾರಕ್ಕೊಮ್ಮೆ ಕುಡಿಯುವವರಿಗೆ ಹೆಚ್ಚೆಂದರೆ ಒಂದೆರಡು ದಿನ ನಿದ್ದೆ ಕೆಡಬಹುದು. ಆದರೆ ಬೆಳಿಗ್ಗೆ ಎದ್ದು ನಡುಕ ನಿಲ್ಲಿಸಲೆಂದೇ ನೈಂಟಿ ಹಾಕುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು, ಲಿವರ್ ತೊಂದರೆ ಇರುವವರು ಮನೆಯಲ್ಲೇ ಏಕಾಏಕಿ ನಿಲ್ಲಿಸಬಾರದು. ಡಾಕ್ಟರನ್ನು ಕಂಡೇ ಬಿಡಬೇಕು.

"ಅಯ್ಯಪ್ಪನ ಮಾಲೆ ಹಾಕಿದವರು ಬಿಡಲ್ವಾ?" ಎಂದು ಕೇಳುತ್ತೀರಿ. ಬಿಡುತ್ತಾರೆ. ಮಾಲೆಯ ಜೊತೆ ನಾಲ್ಕು ಜನರ ಸಂಗ ಸಿಗುತ್ತದೆ, ಹೊತ್ತಿಗೆ ಸರಿಯಾಗಿ ಊಟ, ಸ್ನಾನ ನಡೆಯುತ್ತದೆ, ಊರು "ಸ್ವಾಮಿ" ಎಂದು ಮರ್ಯಾದೆ ಕೊಡುತ್ತದೆ. ಇದೆಲ್ಲ ದೊಡ್ಡ ಬಲ. ನಂಬಿಕೆಯನ್ನು ನಾವು ಹಳಿಯುತ್ತಿಲ್ಲ. ಆದರೆ ಮಾಲೆಯಿಂದ ಫಿಟ್ಸ್ ನಿಲ್ಲುವುದಿಲ್ಲ. ಮಾಲೆ ಹಾಕುವ ಮುಂಚೆ ಒಮ್ಮೆ ಆಸ್ಪತ್ರೆಗೆ ಹೋದರೆ ಯಾವ ದೇವರೂ ಮುನಿಯುವುದಿಲ್ಲ. ಮದ್ಯವರ್ಜನ ಶಿಬಿರ ನಡೆಸುವವರಿಗೂ ಇದೇ ಮಾತು: ಮೊದಲ ದಿನ ಭಜನೆಗೆ ಮುಂಚೆ ಡಾಕ್ಟರ ತಪಾಸಣೆ ಆಗಲಿ.

ಇನ್ನು ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿ. ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ಇದರ ಪೋಸ್ಟರ್ ಕಾಣದ ಊರು ಅಪರೂಪ. ಆ ಪುಡಿಯಲ್ಲಿ ಏನಿದೆ ಎಂದು ಮಾರುವವರು ಹೇಳುವುದಿಲ್ಲ. ಡೈಸಲ್ಫಿರಾಮ್ ಎಂಬ ಮಾತ್ರೆ ನಿಜಕ್ಕೂ ಇದೆ. ಅದನ್ನು ತಿಂದು ಕುಡಿದರೆ ವಾಂತಿ, ಎದೆ ಬಡಿತ ಬರುತ್ತದೆ, ಬಿಪಿ ಕುಸಿಯುತ್ತದೆ, ಜೀವಕ್ಕೂ ಅಪಾಯ. ಅದಕ್ಕೇ ರೋಗಿ ಒಪ್ಪಿ, ಡಾಕ್ಟರು ಹೇಳಿದರೆ ಮಾತ್ರ ಕೊಡಬೇಕು. ಗಂಡನಿಗೆ ಗೊತ್ತಿಲ್ಲದಂತೆ ಸಾರಿನಲ್ಲಿ ಬೆರೆಸುವ ಅಕ್ಕ, ಅಮ್ಮಂದಿರ ಸಂಕಟ ನಮಗೆ ಅರ್ಥವಾಗುತ್ತದೆ. ಅವರ ಸಂಕಟ ಮಾರಿ ದುಡ್ಡು ಮಾಡುವವರನ್ನು ಕ್ಷಮಿಸಲು ಆಗುವುದಿಲ್ಲ.

ಇನ್ನೊಂದು ತಪ್ಪು ಗ್ಲೂಕೋಸ್ ಬಾಟಲಿ. ಸುಸ್ತಾದವರಿಗೆ ಊರಲ್ಲಿ ಮೊದಲು ಏರಿಸುವುದೇ ಅದು. ಬಹಳ ವರ್ಷ ಕುಡಿದವರ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್ ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಏಟು ಬೀಳಬಹುದು. "ಬಿ1 ಇಂಜೆಕ್ಷನ್ ಕೊಟ್ರಾ ಸಾರ್?" ಎಂದು ಕೇಳಿ. ನಿದ್ದೆ ಮಾತ್ರೆಯನ್ನು ಮೆಡಿಕಲ್ ಶಾಪ್‌ನಲ್ಲಿ ನೀವೇ ಕೇಳಿ ತರಬೇಡಿ. ನಡುಕ, ಫಿಟ್ಸ್ ತಡೆಯುವ ಮಾತ್ರೆಯನ್ನು ಡಾಕ್ಟರು ದಿನ ಎಣಿಸಿ ಕೊಟ್ಟು, ದಿನ ಎಣಿಸಿಯೇ ಇಳಿಸುತ್ತಾರೆ.

ಫಿಟ್ಸ್ ಬಂದರೆ ಬೀಗದ ಕೈ ಬೇಡ, ಬಾಯಿಗೆ ಚಮಚ ಬೇಡ, ನೀರೂ ಬೇಡ. ಪಕ್ಕಕ್ಕೆ ಮಲಗಿಸಿ, ತಲೆಗೆ ಟವೆಲ್ ಇಟ್ಟು 108ಕ್ಕೆ ಫೋನ್ ಮಾಡಿ. ಬಾಯಿಗೆ ಬಂದಂತೆ ಮಾತಾಡಿದರೂ, ಇಲ್ಲದ್ದು ಕಂಡರೂ ಅಷ್ಟೇ. ಕಟ್ಟಿಹಾಕಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಕುಡಿತದಿಂದ ಬರುವ ಮಾನಸಿಕ ತೊಂದರೆಯೂ ಆ ಕಾಯ್ದೆಯೊಳಗೇ ಬರುತ್ತದೆ. ಸರ್ಕಾರದಿಂದ ಚಿಕಿತ್ಸೆ ಕೇಳುವುದು ಅದರ ಪ್ರಕಾರ ನಿಮ್ಮ ಹಕ್ಕು.

ಈ ಹಕ್ಕಿನ ಮಾತು ಬಂದಲ್ಲಿ ಸರ್ಕಾರವನ್ನೂ ಕೇಳಬೇಕು. 2007ರಲ್ಲಿ ಸಾರಾಯಿ ನಿಷೇಧವಾಯಿತು. ಆ ಜಾಗಕ್ಕೆ ಅಗ್ಗದ ವಿಸ್ಕಿ ಪ್ಯಾಕೆಟ್ ಬಂತು. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ರಾಜ್ಯ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಅಂದರೆ ದಿನಕ್ಕೆ 100 ಕೋಟಿಗೂ ಮಿಕ್ಕಿ. ಕುಡಿಸುವುದಕ್ಕೆ ಗುರಿ ಇಟ್ಟವರು ಬಿಡಿಸುವುದಕ್ಕೆ ಎಷ್ಟು ಹಾಸಿಗೆ ಇಟ್ಟಿದ್ದಾರೆ? 2020ರ ಲಾಕ್‌ಡೌನ್‌ನಲ್ಲಿ ಒಂದೇ ಏಟಿಗೆ ಅಂಗಡಿ ಮುಚ್ಚಿದಾಗ ನಡುಕ, ಫಿಟ್ಸ್ ಎಂದು ಆಸ್ಪತ್ರೆಗೆ ಓಡಿದವರನ್ನು ನಾವೆಲ್ಲ ನೋಡಿದೆವು. ಮೇ 4ಕ್ಕೆ ಅಂಗಡಿ ತೆರೆದರು, ಸಾಲು ನಿಂತಿತು, ಟಿವಿಯವರು ನಕ್ಕರು. ಆ ಸಾಲಿನಲ್ಲಿ ಕಾಯಿಲೆಯವರೂ ಇದ್ದರು ಎಂದು ಹೇಳಿದವರು ಕಡಿಮೆ.

ಪಾನನಿಷೇಧ ಬೇಕೋ ಬೇಡವೋ ಎಂಬ ಜಗಳ ಇನ್ನೊಂದು ದಿನಕ್ಕಿರಲಿ. ಮುಂದಿನ ಗ್ರಾಮಸಭೆಯಲ್ಲಿ ಇಷ್ಟನ್ನು ಕೇಳಿ. ನಮ್ಮ ಪಿಎಚ್‌ಸಿಯಲ್ಲಿ ಬಿ1 ಇಂಜೆಕ್ಷನ್ ಇದೆಯೇ? ತಾಲೂಕು ಆಸ್ಪತ್ರೆಯಲ್ಲಿ ಕುಡಿತ ಬಿಡುವವರಿಗೆ ಹಾಸಿಗೆ ಇದೆಯೇ? ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಾನಸಿಕ ತಜ್ಞರು ಯಾವ ವಾರ ಬರುತ್ತಾರೆ ಎಂದು ಪಂಚಾಯಿತಿ ಬೋರ್ಡಿನಲ್ಲಿ ಬರೆಸಿದ್ದಾರೆಯೇ? ಗೂಡಂಗಡಿಯಲ್ಲಿ ಪ್ಯಾಕೆಟ್ ಮಾರುವುದು ಯಾರಿಗೂ ಕಾಣುತ್ತಿಲ್ಲವೇ?

ಕೊನೆಯ ಮಾತು ಇವತ್ತು ಬಿಡಬೇಕೆಂದುಕೊಂಡ ಅಣ್ಣನಿಗೆ, ತಮ್ಮನಿಗೆ, ಅಕ್ಕನಿಗೆ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಡಾಕ್ಟರನ್ನು ಕಂಡ ಮೇಲೆ ಮನೆಯಲ್ಲಿ ಗಂಜಿ, ಮಜ್ಜಿಗೆ, ಅಂಬಲಿ, ಸೇರಿದ್ದನ್ನು ಸ್ವಲ್ಪ ಸ್ವಲ್ಪ ತಗೊಳ್ಳಿ. ಸಂಜೆ ಆರರಿಂದ ಎಂಟು ಗಂಟೆ ಕಷ್ಟ. ಆ ಹೊತ್ತಿಗೆ ಬೇಗ ಊಟ ಮಾಡಿ, ಬಾರ್ ಇರುವ ದಾರಿ ಬಿಡಿ, ಕೂಲಿ ದುಡ್ಡನ್ನು ಮನೆಯವರ ಕೈಗೆ ಕೊಡಿ. ಕುಡಿಯಬೇಕೆಂಬ ಆಸೆ ಅಲೆಯ ಹಾಗೆ ಏರಿ, ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಇಳಿಯುತ್ತದೆ. ಆ ಅರ್ಧ ಗಂಟೆ ಒಬ್ಬರೇ ಇರಬೇಡಿ. ಒಂದು ದಿನ ಎಡವಿದರೆ ಎಲ್ಲ ಮುಗಿಯಿತೆಂದುಕೊಳ್ಳಬೇಡಿ, ಮತ್ತೆ ಡಾಕ್ಟರ ಹತ್ತಿರ ಹೋಗಿ.

ಊರಿನವರಿಗೆ ಒಂದೇ ವಿನಂತಿ. ಬಿಟ್ಟವರನ್ನು ಕಂಡಾಗ "ಎಷ್ಟು ದಿನ ಇರ್ತೀಯ ನೋಡೋಣ" ಎಂದು ನಗಬೇಡಿ. ಅವರ ಜೊತೆ ಒಂದು ಚಾ ಕುಡಿಯಿರಿ. ನಮ್ಮ ಸೋದರಮಾವನ ಕೈ ಈಗ ನಡುಗುವುದಿಲ್ಲ. ಚಾ ಲೋಟವನ್ನು ಅವರೇ ಹಿಡಿಯುತ್ತಾರೆ.