ತೋಟ ಕಾಯಲು ಬಂದೂಕೊಂದೇ ದಾರಿಯೆ?

ಕಳೆದ ಪಿತೃಪಕ್ಷಕ್ಕೆಂದು ನೊಣವಿನಕೆರೆ ಸೀಮೆಯ ನಮ್ಮ ಹಳ್ಳಿಗೆ ಹೋಗಿದ್ದಾಗ, ಅಮೆರಿಕದಲ್ಲಿ ನೆಲೆಸಿರುವ ಬಂಧುವೊಬ್ಬನೂ ಅಲ್ಲಿಗೆ ಬಂದಿದ್ದ. ಊಟದ ನಂತರ ಜಗಲಿಯಲ್ಲಿ ಕುಳಿತು, ತನ್ನ ಸಹೋದ್ಯೋಗಿಯೊಬ್ಬ ಕಡಿಮೆ ಖರ್ಚಿನಲ್ಲಿ ಅರೆಸ್ವಯಂಚಾಲಿತ ರೈಫಲ್ ಒಂದನ್ನು ತಾನೇ ಜೋಡಿಸಿಕೊಂಡ ಕಥೆ ಹೇಳಿದ. ನಳಿಗೆಗೆ ಎಷ್ಟು, ಹಿಡಿಗೆ ಎಷ್ಟು, ಗುರಿ ನೋಡುವ ದುರ್ಬೀನಿಗೆ ಎಷ್ಟು, ಯಾವುದರಲ್ಲಿ ಹಣ ಉಳಿಸಬಹುದು, ಯಾವುದರಲ್ಲಿ ಉಳಿಸಬಾರದು ಎಂಬ ಲೆಕ್ಕಾಚಾರವೆಲ್ಲ, ನಮ್ಮ ಹುಡುಗರು ಕಂಪ್ಯೂಟರಿಗೆ ಬಿಡಿಭಾಗಗಳನ್ನು ಆರಿಸುವಂತೆಯೇ ಇತ್ತು. ಎಲೆಅಡಿಕೆ ಮೆಲ್ಲುತ್ತ ಕೇಳಿಸಿಕೊಳ್ಳುತ್ತಿದ್ದ ಪಕ್ಕದ ತೋಟದ ಹಿರಿಯರೊಬ್ಬರು, ‘ಅಲ್ಲ ಕಣಪ್ಪ, ಅಷ್ಟು ಕಮ್ಮಿ ದುಡ್ಡಿಗೆ ಬಂದೂಕು ಆಗೋದಾದ್ರೆ ನಮ್ಮ ತೋಟಕ್ಕೂ ಒಂದು ತರಿಸಿಕೊಡಬಾರ್ದಾ?’ ಎಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಅವರು ನಗದಿದ್ದುದಕ್ಕೆ ಕಾರಣವಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರೂ ತಾಲ್ಲೂಕುಗಳ ಬದುಕು ನಿಂತಿರುವುದು ತೆಂಗಿನ ಮೇಲೆ. ಇಲ್ಲಿನ ರೈತ ಕಾಯಿಯನ್ನು ಕಿತ್ತ ಕೂಡಲೇ ಮಾರುವವನಲ್ಲ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿಸಿ, ಉಂಡೆ ಕೊಬ್ಬರಿ ಮಾಡಿ, ತಿಪಟೂರಿನ ಮಾರುಕಟ್ಟೆಗೆ ಸಾಗಿಸುತ್ತಾನೆ. ಒಂದು ಕ್ವಿಂಟಲ್ ಕೊಬ್ಬರಿಗೆ ಏಳುನೂರರ ಆಸುಪಾಸು ಕಾಯಿ ಬೇಕು. ಕೇಂದ್ರ ಸರ್ಕಾರ 2026ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಗೊತ್ತುಪಡಿಸಿರುವ ಬೆಂಬಲ ಬೆಲೆ ಕ್ವಿಂಟಲಿಗೆ 12,500 ರೂಪಾಯಿ. ಅಂದರೆ ಕಾಯಿಯೊಂದಕ್ಕೆ ಸುಮಾರು 18 ರೂಪಾಯಿ. ಮಂಗನ ಹಿಂಡೊಂದು ಬೆಳಗಿನ ಹೊತ್ತು ತೋಟಕ್ಕಿಳಿದು, ಎಳನೀರನ್ನು ಕಿತ್ತು, ಅರ್ಧ ಕುಡಿದು ಬಿಸಾಡಿ ಹೋದಾಗ ರೈತನಿಗೆ ಕಾಣುವುದು ಈ ಲೆಕ್ಕ. ಹೊಸದಾಗಿ ನೆಟ್ಟ ಸಸಿಯ ಬುಡವನ್ನು ಕಾಡುಹಂದಿ ಅಗೆದರೆ ಹೋಗುವುದು ಒಂದು ವರ್ಷದ ಫಸಲಲ್ಲ, ಹಲವು ವರ್ಷಗಳ ಆರೈಕೆ.

ಇವುಗಳ ಜೊತೆಗೆ ಪ್ರಾಣಭಯವೂ ಇದೆ. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನಲ್ಲಿ ಕರಡಿಗಳಿವೆ. ಚಿರತೆ ಈಗ ಕಾಡಿನ ಪ್ರಾಣಿಯಾಗಿ ಉಳಿದಿಲ್ಲ. ತೆಂಗು ಅಡಿಕೆ ತೋಟಗಳ ನೆರಳೇ ಅದಕ್ಕೆ ಆಶ್ರಯ. 2019ರ ಕೊನೆಯಲ್ಲಿ ಮತ್ತು 2020ರ ಆರಂಭದಲ್ಲಿ ಪಕ್ಕದ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿ ಹಲವರು ಬಲಿಯಾದುದನ್ನು ಈ ಭಾಗದ ಜನ ಮರೆತಿಲ್ಲ. ಪಂಪ್‌ಸೆಟ್ಟಿಗೆ ಮೂರು ಫೇಸ್ ವಿದ್ಯುತ್ ರಾತ್ರಿ ಪಾಳಿಯಲ್ಲಿ ಬಂದರೆ, ಟಾರ್ಚ್ ಹಿಡಿದು ತೋಟಕ್ಕೆ ಹೋಗುವವನಿಗೆ ಬಂದೂಕು ಬೇಕೆನ್ನಿಸುವುದು ಸಹಜ.

ಹಾಗಾದರೆ ಅಮೆರಿಕದಲ್ಲಿ ಸಾಧ್ಯವಾದುದು ಇಲ್ಲಿ ಏಕೆ ಸಾಧ್ಯವಿಲ್ಲ? ಅಲ್ಲಿನ ಕಾನೂನಿನ ದೃಷ್ಟಿಯಲ್ಲಿ ಬಂದೂಕೆಂದರೆ ಮುಖ್ಯವಾಗಿ ಅದರ ಒಡಲಿನ ಚೌಕಟ್ಟು ಮಾತ್ರ. ಪರವಾನಗಿ ಪಡೆದ ವ್ಯಾಪಾರಿಯಿಂದ ಅದನ್ನು ಕೊಳ್ಳುವಾಗ ಖರೀದಿದಾರನ ಪೂರ್ವಾಪರ ಪರಿಶೀಲನೆಯಾಗುತ್ತದೆ. ನಳಿಗೆ, ಹಿಡಿ ಮುಂತಾದ ಉಳಿದ ಭಾಗಗಳು ಬಹುತೇಕ ಅಂಗಡಿಯ ಸರಕು. ಮನೆಯಲ್ಲೇ ಜೋಡಿಸಲು ಅರೆಸಿದ್ಧ ಭಾಗಗಳನ್ನು ಮಾರುವ ದಂಧೆ ಮಿತಿಮೀರಿ, ಗುರುತಿನ ಸಂಖ್ಯೆಯೇ ಇಲ್ಲದ ಬಂದೂಕುಗಳು ಅಪರಾಧಗಳಲ್ಲಿ ಕಾಣಿಸಿಕೊಂಡಾಗ, ಅಲ್ಲಿನ ಸರ್ಕಾರ 2022ರಲ್ಲಿ ನಿಯಮ ಬಿಗಿಗೊಳಿಸಿತು. ಆ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಬಿಡಿಭಾಗಗಳ ಸ್ವಾತಂತ್ರ್ಯಕ್ಕೆ ಆ ದೇಶವೂ ಬೆಲೆ ತೆತ್ತಿದೆ.

ನಮ್ಮ 1959ರ ಆಯುಧ ಕಾಯ್ದೆಯಲ್ಲಿ ಇಂಥ ಭೇದವಿಲ್ಲ. ‘ಆಯುಧ’ ಎಂಬ ಪದದ ವ್ಯಾಖ್ಯೆಯಲ್ಲೇ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಸೇರಿವೆ. ಪರವಾನಗಿಯಿಲ್ಲದೆ ಬಂದೂಕು ತಯಾರಿಸುವವನಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಒಂದು ಗುಂಡು ಹಾರಿದ ರಭಸದಲ್ಲೇ ಮುಂದಿನ ಗುಂಡು ತಾನಾಗಿ ನಳಿಗೆಗೆ ಬಂದು ಕೂರುವ ಅರೆಸ್ವಯಂಚಾಲಿತ ರೈಫಲ್‌ಗಳನ್ನು 2016ರ ಆಯುಧ ನಿಯಮಗಳು ನಿರ್ಬಂಧಿತ ವರ್ಗದಲ್ಲಿ ಇಟ್ಟಿವೆ. ತೋಟ ಕಾಯುವ ಕಾರಣಕ್ಕೆ ಅವು ಸಿಗುವುದಿಲ್ಲ. ಸಿಗಬೇಕೆಂದು ನಾನೂ ಹೇಳಲಾರೆ.

ಆದರೆ ಅದೇ ಕಾಯ್ದೆ ರೈತನನ್ನು ಮರೆತಿಲ್ಲ ಎಂಬುದು ಬಹಳ ಜನರಿಗೆ ತಿಳಿಯದು. ಬೆಳೆ ರಕ್ಷಣೆಯ ಪ್ರಾಮಾಣಿಕ ಉದ್ದೇಶಕ್ಕೆ, ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಅರ್ಜಿ ಹಾಕಿದರೆ ಪರವಾನಗಿ ಕೊಡತಕ್ಕದ್ದು ಎಂದು 13ನೆಯ ಪ್ರಕರಣ ಹೇಳುತ್ತದೆ. ಅದು ಸಾಲದೆಂದು ಪ್ರಾಧಿಕಾರಕ್ಕೆ ಮನವರಿಕೆಯಾದರೆ, ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಯವಾದ ನಳಿಗೆಯ ಬೇರೆ ಬಂದೂಕಿಗೂ ಕೊಡಬಹುದು. ಪೊಲೀಸ್ ವರದಿ ನಿಗದಿತ ಅವಧಿಯೊಳಗೆ ಬಾರದಿದ್ದರೆ, ಅದಕ್ಕಾಗಿ ಮತ್ತೆ ಕಾಯದೆ ಆದೇಶ ಮಾಡುವ ಅಧಿಕಾರವನ್ನೂ ಕಾಯ್ದೆ ಕೊಟ್ಟಿದೆ. ಕಾಗದದ ಮೇಲೆ ಇದಕ್ಕಿಂತ ವಿವೇಕದ ಏರ್ಪಾಡು ಬೇಕಿಲ್ಲ.

ಕಚೇರಿಯಲ್ಲಿ ಆಗುವುದೇ ಬೇರೆ. ನನ್ನದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಸೇವೆಯಲ್ಲಿದ್ದಾಗ ಒಂದು ಜಿಲ್ಲಾ ಕಚೇರಿಯಲ್ಲಿ ಕೆಲಕಾಲ ದಂಡಾಧಿಕಾರ ಶಾಖೆಯ ಕಡತಗಳು ನನ್ನ ಮೂಲಕ ಹೋಗುತ್ತಿದ್ದವು. ಮೂರು ಎಕರೆ ತೋಟದ ರೈತರೊಬ್ಬರು ಮದ್ದಿನ ಬಂದೂಕಿಗೆ ಅರ್ಜಿ ಹಾಕಿದ್ದರು. ವರದಿ ಬಂದಿರಲಿಲ್ಲ. ‘ವರದಿ ನಿರೀಕ್ಷಿಸಿ, ಬಂದ ನಂತರ ಮಂಡಿಸಿ’ ಎಂದು ಷರಾ ಬರೆದೆ. ಎರಡನೆಯ ಬಾರಿ ಬಂದಾಗಲೂ ಅದೇ ಷರಾ. ಆ ರೈತರು ಮೂರು ಸಲ ಬಸ್ಸು ಹತ್ತಿ ಬಂದು ನನ್ನ ಕೋಣೆಯ ಹೊರಗೆ ಕುಳಿತು ಹೋದರು. ನಾಲ್ಕನೆಯ ಸಲ ಬಂದಾಗ ಅರ್ಜಿ ಹಿಂದಕ್ಕೆ ಕೊಡಿ ಎಂದರು. ಕಾರಣ ಕೇಳಿದೆ. ಮಗ ಯಾರಿಂದಲೋ ಕಬ್ಬಿಣದ ಕೊಳವೆಯಲ್ಲಿ ಬಂದೂಕು ಮಾಡಿಸಿದ್ದನಂತೆ. ಮಂಗ ಓಡಿಸಲು ಹೋಗಿ ಅದು ಸಿಡಿದು ಬಲಗೈಯ ಎರಡು ಬೆರಳು ಹೋದವಂತೆ. ‘ಇನ್ನು ಬಂದೂಕು ಬ್ಯಾಡ ಸ್ವಾಮಿ’ ಎಂದರು. ವರದಿಗೆ ಕಾಯಬೇಕಾಗಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ನಿಯಮ ಓದಿದವನು ನಾನು. ಬೆರಳು ಕಳೆದುಕೊಂಡವನು ಅವರ ಮಗ.

ಇಂದು ಆ ಕಬ್ಬಿಣದ ಕೊಳವೆಯ ಜಾಗಕ್ಕೆ ಪ್ಲಾಸ್ಟಿಕ್ ಕೊಳವೆ ಬಂದಿದೆ. ಮಂಗ ಓಡಿಸಲು ಬಳಸುವ ಕಾರ್ಬೈಡ್ ಗನ್ ಕೆಲವೇ ನೂರು ರೂಪಾಯಿಯಲ್ಲಿ ಆಗುತ್ತದೆ. 2025ರ ದೀಪಾವಳಿಯಲ್ಲಿ ಅದೇ ಸಾಧನ ಭೋಪಾಲ್ ಮತ್ತು ಸುತ್ತಲ ಊರುಗಳಲ್ಲಿ ಆಟಿಕೆಯಾಗಿ ಮಾರಾಟವಾಗಿ, ನೂರಕ್ಕೂ ಹೆಚ್ಚು ಮಂದಿಯ ಕಣ್ಣಿಗೆ ಗಾಯ ಮಾಡಿತು. ಅವರಲ್ಲಿ ಬಹುಪಾಲು ಮಕ್ಕಳು. ಕೆಲವರ ದೃಷ್ಟಿಯೇ ಹೋಯಿತು. ತಂತಿ ಬೇಲಿಗೆ ನೇರ ವಿದ್ಯುತ್ ಹಾಯಿಸುವುದು, ಹಂದಿಗೆ ಉರುಳು ಹಾಕುವುದು, ಸಿಡಿಮದ್ದಿನ ಉಂಡೆ ಇಡುವುದು ಎಲ್ಲವೂ ಇದೇ ಸಾಲಿಗೆ ಸೇರಿದವು. ಉರುಳಿಗೆ ಚಿರತೆ ಸಿಕ್ಕಿ ಸಾಯುತ್ತದೆ, ಮದ್ದಿನ ಉಂಡೆಗೆ ಹಸು ಬಾಯಿ ಹಾಕುತ್ತದೆ, ಬೇಲಿಗೆ ನೆರೆಯವನೇ ಬೀಳುತ್ತಾನೆ. ಅಗ್ಗದ ರಕ್ಷಣೆಯ ಪೂರ್ಣ ಬೆಲೆಯನ್ನು ತೆರುವವನು ಅದನ್ನು ಕಟ್ಟಿದವನೇ ಆಗಬೇಕೆಂದಿಲ್ಲ.

ಇನ್ನು ಕ್ರಮಬದ್ಧ ಪರವಾನಗಿ ಇದ್ದವರ ಸ್ಥಿತಿ ಏನು? ವಿಧಾನಸಭೆ, ಲೋಕಸಭೆ, ಪಂಚಾಯಿತಿ ಎಂದು ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಅದಕ್ಕಿಂತ ಮುಖ್ಯವಾದುದು, ಬಂದೂಕು ಕೈಯಲ್ಲಿದ್ದರೂ ಯಾವ ಪ್ರಾಣಿಗೆ ಹೊಡೆಯಬಹುದು ಎಂಬ ಪ್ರಶ್ನೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ಪ್ರಕಾರ ಚಿರತೆ, ಕರಡಿಗಳಂತೆ ನಮ್ಮ ಬಯಲುಸೀಮೆಯ ಮಂಗವೂ ಒಂದನೆಯ ಅನುಸೂಚಿಯಲ್ಲಿದೆ. ಕಾಡುಹಂದಿ ಎರಡನೆಯದರಲ್ಲಿದೆ; ಅದನ್ನು ಕೊಲ್ಲಲೂ ಅಧಿಕೃತ ಅನುಮತಿ ಬೇಕು. ಪ್ರಾಣರಕ್ಷಣೆಗಾಗಿ ಸದ್ಭಾವದಿಂದ ಗುಂಡು ಹಾರಿಸಿದರೆ ಮಾತ್ರ ಅಪರಾಧವಲ್ಲ. ಹೀಗಾಗಿ ತೋಟದ ಬಂದೂಕು ಇಂದು ಬಹುಮಟ್ಟಿಗೆ ಸದ್ದು ಮಾಡುವ ಸಾಧನ. ಸದ್ದಿಗಾಗಿ ಸಿಡಿಸುವ ಒಂದು ತೋಟಾದ ಬೆಲೆ ಹಲವು ಕಾಯಿಗಳ ಬೆಲೆಗೆ ಸಮ. ಒಂದರ ಹಿಂದೊಂದು ಗುಂಡು ಹಾರಿಸುವ ರೈಫಲ್ಲಿನಿಂದ ಈ ಲೆಕ್ಕ ಇನ್ನಷ್ಟು ಕೆಡುತ್ತದೆಯೇ ಹೊರತು ಸುಧಾರಿಸುವುದಿಲ್ಲ.

ಕಾನೂನು ಸಡಿಲಿಸಿದರೆ ಸಾಕೇ? ಹಿಮಾಚಲ ಪ್ರದೇಶದಲ್ಲಿ ಅಲ್ಲಿನ ಜಾತಿಯ ಕೋತಿಯನ್ನು 2016ರಲ್ಲಿ ಕೆಲವು ಪ್ರದೇಶಗಳ ಮಟ್ಟಿಗೆ ಉಪದ್ರವಕಾರಿ ಎಂದು ಘೋಷಿಸಿ ಕೊಲ್ಲಲು ಅವಕಾಶ ಕೊಡಲಾಯಿತು. ಮುಂದೆ ಬಂದವರು ಬೆರಳೆಣಿಕೆಯ ಜನ. ನಮ್ಮಲ್ಲೂ ಶನಿವಾರ ಆಂಜನೇಯನ ಗುಡಿಗೆ ಹೋಗಿ ಬಂದ ರೈತ ಮಂಗನ ಎದೆಗೆ ಗುರಿ ಇಡಲಾರ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ 2029ರ ಅಕ್ಟೋಬರ್‌ವರೆಗೆ ವಿನಾಯಿತಿ ಇದೆ. ಮನೆಮನೆಯಲ್ಲಿ ಕೋವಿಯಿರುವ ಆ ಜಿಲ್ಲೆಯಲ್ಲೂ ಆನೆ, ಹಂದಿಗಳ ಹಾವಳಿ ನಿಂತಿಲ್ಲ. ಬಂದೂಕುಗಳ ಸಂಖ್ಯೆ ಹೆಚ್ಚಿದಷ್ಟೂ ಬೆಳೆ ಉಳಿಯುತ್ತದೆ ಎಂಬುದಕ್ಕೆ ಆಧಾರ ಕಾಣುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇದಕ್ಕೊಂದು ಕಾರಣ ನನಗೆ ತೋರುತ್ತದೆ. ನನ್ನ ತೋಟದಲ್ಲಿ ಸಿಡಿದ ಸದ್ದಿಗೆ ಮಂಗಗಳು ಊರು ಬಿಟ್ಟು ಹೋಗುವುದಿಲ್ಲ. ಪಕ್ಕದವರ ತೋಟಕ್ಕೆ ಹೋಗುತ್ತವೆ. ಅವರೂ ಒಂದು ಬಂದೂಕು ತಂದರೆ ಅದರಾಚೆಯ ತೋಟಕ್ಕೆ. ಕೊನೆಗೆ ಬಂದೂಕು ಕೊಳ್ಳಲಾಗದ ಒಂದೆಕರೆಯ ವಿಧವೆಯ ತೋಟದಲ್ಲಿ ಅವು ಬೀಡುಬಿಡುತ್ತವೆ. ಒಬ್ಬೊಬ್ಬರೂ ಖರ್ಚು ಮಾಡಿದರೂ ಊರಿನ ಒಟ್ಟು ನಷ್ಟ ಇಳಿಯುವುದಿಲ್ಲ. ಇಂಥ ಕೆಲಸವನ್ನು ಬಿಡಿಬಿಡಿಯಾಗಿ ಮಾಡಲಾಗದು, ಊರು ಒಟ್ಟಾಗಿ ಮಾಡಬೇಕು.

ಹಿಂದಿನವರಿಗೆ ಇದು ತಿಳಿದಿತ್ತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ತೋಟಿ, ತಳವಾರರೆಂಬ ಗ್ರಾಮಸೇವಕರಿದ್ದರು. ಬೆಳೆ ಕಾಯುವುದು ತೋಟಿಯ ಕೆಲಸಗಳಲ್ಲಿ ಒಂದು. ಅದಕ್ಕೆ ಪ್ರತಿಯಾಗಿ ಕಣದಲ್ಲಿ ಅವನಿಗೆ ಆಯ ಸಲ್ಲುತ್ತಿತ್ತು. ಹುಟ್ಟಿನಿಂದ ಕಟ್ಟಿಹಾಕಿದ, ಜಾತಿಯ ಕ್ರೌರ್ಯ ಬೆರೆತ ಆ ಪದ್ಧತಿಯನ್ನು 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಕೊನೆಗೊಳಿಸಿದ್ದು ನ್ಯಾಯವೇ. ಆದರೆ ಊರೇ ವೆಚ್ಚ ಹೊತ್ತು ಊರಿನ ಬೆಳೆ ಕಾಯುವ ಏರ್ಪಾಡಿಗೆ ಬದಲಿಯಾಗಿ ನಾವು ಏನನ್ನೂ ಕಟ್ಟಲಿಲ್ಲ. ಆ ತೆರವಿನಲ್ಲಿ ಹುಟ್ಟಿದ್ದೇ ಅಗ್ಗದ ಬಂದೂಕಿನ ಆಸೆ.

ಆಗಬೇಕಾದುದು ಅಸಾಧ್ಯವಾದುದೇನಲ್ಲ. ಮೊದಲನೆಯದಾಗಿ, ತೋಟದ ಪಂಪ್‌ಸೆಟ್ಟುಗಳಿಗೆ ಮೂರು ಫೇಸ್ ವಿದ್ಯುತ್ತನ್ನು ಹಗಲಿನಲ್ಲೇ ಕೊಡಬೇಕು. ಚಿರತೆಯ ಭಯವಿರುವ ಹೋಬಳಿಗಳಿಂದಲೇ ಇದು ಆರಂಭವಾಗಲಿ. ರಾತ್ರಿ ತೋಟಕ್ಕೆ ಹೋಗುವ ಅಗತ್ಯ ತಪ್ಪಿದರೆ ಬಂದೂಕಿನ ಅರ್ಧ ಅಗತ್ಯ ತಪ್ಪುತ್ತದೆ. ಎರಡನೆಯದಾಗಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸಂಬಳದ ತೋಟಗಾವಲು ತಂಡಗಳಿರಬೇಕು. ಕೊಬ್ಬರಿ ವಹಿವಾಟಿನಿಂದ ಬರುವ ಮಾರುಕಟ್ಟೆ ಶುಲ್ಕದ ಒಂದು ಪಾಲನ್ನು ಕೊಬ್ಬರಿ ಬೆಳೆದ ಊರಿಗೇ ಇದಕ್ಕಾಗಿ ಹಿಂದಿರುಗಿಸುವುದು ನ್ಯಾಯ. ಕಾವಲುಗಾರರಿಗೆ ತರಬೇತಿ, ಕ್ರಮಬದ್ಧ ಪರವಾನಗಿ, ಸುರಕ್ಷಿತ ಸದ್ದಿನ ಸಾಧನ ಎಲ್ಲವನ್ನೂ ಕೊಡಬಹುದು. ಮೂರನೆಯದಾಗಿ, ಪಟ್ಟಣದಲ್ಲಿ ಹಿಡಿದ ಮಂಗಗಳನ್ನು ಹಳ್ಳಿಯ ಗುಡ್ಡಕ್ಕೆ ತಂದು ಬಿಡುವ ಚಾಳಿ ನಿಲ್ಲಬೇಕು. ಸಂತಾನಶಕ್ತಿಹರಣ ಕೇಂದ್ರಗಳನ್ನು ತಿಪಟೂರು ಉಪವಿಭಾಗದಲ್ಲಿ ತೆರೆಯಬೇಕು. ಹಿಮಾಚಲ ಪ್ರದೇಶ ಆ ಕೆಲಸವನ್ನು ವರ್ಷಗಳಿಂದ ಮಾಡುತ್ತಿದೆ.

ಕೊನೆಯದು ನನ್ನ ಹಳೆಯ ಸಹೋದ್ಯೋಗಿಗಳಿಗೆ. ಬೆಳೆ ರಕ್ಷಣೆಯ ಅರ್ಜಿಯನ್ನು ಒಪ್ಪಿ ಅಥವಾ ಕಾರಣ ಬರೆದು ತಿರಸ್ಕರಿಸಿ, ಆದರೆ ನನ್ನಂತೆ ಬಾಕಿ ಇಡಬೇಡಿ. ಚುನಾವಣೆ ಸಮಯದಲ್ಲಿ ಎಲ್ಲರ ಬಂದೂಕನ್ನೂ ಕಣ್ಣುಮುಚ್ಚಿ ಕಟ್ಟಿಸಿಕೊಳ್ಳುವ ಬದಲು, ಪರಿಶೀಲನಾ ಸಮಿತಿ ಒಬ್ಬೊಬ್ಬರ ಹಿನ್ನೆಲೆ ನೋಡಿ ತೀರ್ಮಾನಿಸಲಿ. ಅವಕಾಶವಿರುವ ಕಡೆ ಅವಕಾಶ ಕೊಟ್ಟರೆ ಮಾತ್ರ, ಅವಕಾಶವಿಲ್ಲದ ಕಡೆ ಬಿಗಿಯಾಗಿರುವ ನೈತಿಕ ಹಕ್ಕು ಆಡಳಿತಕ್ಕೆ ಬರುತ್ತದೆ.

ತೆಂಗಿಗೆ ನುಸಿಯಿದೆ, ಕಪ್ಪುತಲೆ ಹುಳುವಿದೆ, ಬಿಳಿನೊಣವಿದೆ. ಅವಕ್ಕೆ ಗುಂಡು ತಾಗದು. ಬೆಂಬಲ ಬೆಲೆಗಿಂತ ಕೆಳಗೆ ಕುಸಿದು 2023ರಲ್ಲಿ ರೈತರನ್ನು ಬೀದಿಗೆ ತಂದ ಕೊಬ್ಬರಿ, 2025ರಲ್ಲಿ ಅದೇ ಬೆಲೆಯನ್ನು ಬಹುದೂರ ಮೀರಿ ನಿಂತಿತು. ಆ ಏರಿಳಿತಕ್ಕೂ ಗುಂಡು ತಾಗದು. ಇಷ್ಟೆಲ್ಲದರ ನಡುವೆ ಬದುಕುವ ರೈತ ಜಗಲಿಯಲ್ಲಿ ಕುಳಿತು ಅಗ್ಗದ ಬಂದೂಕು ಕೇಳಿದರೆ, ಅವನಿಗೆ ಬೇಕಿರುವುದು ಬಂದೂಕಲ್ಲ, ತನ್ನ ಕಷ್ಟಕ್ಕೆ ತಾನೊಬ್ಬನೇ ಅಲ್ಲ ಎಂಬ ಭರವಸೆ. ಅದನ್ನು ಒದಗಿಸುವ ಹೊಣೆ ಸರ್ಕಾರದ್ದು ಮತ್ತು ಊರಿನದು. ಮುಂದಿನ ಪಿತೃಪಕ್ಷಕ್ಕೆ ಹೋದಾಗ ಆ ಹಿರಿಯರಿಗೆ ಉತ್ತರವೊಂದನ್ನು ಒಯ್ಯಬೇಕೆಂಬುದು ನನ್ನ ಆಸೆ.