ಶೇ 80 ಬ್ಲಾಕ್ ಇದ್ದರೆ ಸ್ಟೆಂಟ್ ಬೇಕೇ ಬೇಕೆ?

‘ಶೇ 80ರಷ್ಟು ಬ್ಲಾಕ್ ಇದೆ’ ಎಂದು ವೈದ್ಯರು ಹೇಳಿದೊಡನೆ ಮನೆಮಂದಿ ಕೇಳುವ ಪ್ರಶ್ನೆ ಒಂದೇ: ಸ್ಟೆಂಟ್ ಯಾವಾಗ ಹಾಕುತ್ತೀರಿ? ಹೃದಯದ ರಕ್ತನಾಳವನ್ನು ನಾವು ನೀರಿನ ಪೈಪಿನಂತೆ ಕಲ್ಪಿಸಿಕೊಳ್ಳುವುದರಿಂದ ಈ ಪ್ರಶ್ನೆ ಸಹಜವೆನಿಸುತ್ತದೆ. ಪೈಪು ಕಟ್ಟಿಕೊಂಡಿದೆ, ಬಿಡಿಸಿದರೆ ನೀರು ಹರಿಯುತ್ತದೆ, ಅಪಾಯ ಕಳೆಯುತ್ತದೆ. ನೀರು ಹರಿಯುತ್ತದೆ ಎಂಬುದನ್ನು ಸಂಶೋಧನೆಯೂ ಒಪ್ಪುತ್ತದೆ. ಅಪಾಯ ಕಳೆಯುತ್ತದೆ ಎಂಬುದನ್ನು ಎಲ್ಲರ ವಿಷಯದಲ್ಲೂ ಒಪ್ಪುವುದಿಲ್ಲ.

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ನಾಳಗಳಿಗೆ ಕರೋನರಿ ಅಪಧಮನಿಗಳೆಂದು ಹೆಸರು. ಅವುಗಳ ಗೋಡೆಯಲ್ಲಿ ಕೊಬ್ಬು, ಉರಿಯೂತದ ಕೋಶಗಳು, ನಾರಿನಂಥ ಅಂಗಾಂಶ, ಕ್ಯಾಲ್ಸಿಯಂ ಸೇರಿ ಗಡ್ಡೆಯಂತೆ ಬೆಳೆಯುವುದನ್ನು ವೈದ್ಯರು ಪ್ಲಾಕ್ ಎನ್ನುತ್ತಾರೆ. ಇದು ಒಳಮೈಗೆ ಅಂಟಿದ ಕೊಳೆಯಲ್ಲ, ಗೋಡೆಯೊಳಗೇ ನಡೆಯುವ ಕಾಯಿಲೆ. ಪ್ಲಾಕ್ ನಿಧಾನವಾಗಿ ದಪ್ಪಗಾದರೆ ಮೆಟ್ಟಿಲು ಹತ್ತುವಾಗ, ಬಿರುಸಾಗಿ ನಡೆಯುವಾಗ ಎದೆ ಹಿಡಿದಂತಾಗುತ್ತದೆ, ನಿಂತರೆ ಕಡಿಮೆಯಾಗುತ್ತದೆ. ಇದೇ ಆ್ಯಂಜೈನಾ. ತಿಂಗಳುಗಟ್ಟಲೆ ಅದು ಹೆಚ್ಚಾಗದೆ ಇದ್ದಷ್ಟೇ ಇದ್ದರೆ ‘ಸ್ಥಿರ’ ಆ್ಯಂಜೈನಾ.

ಹೃದಯಾಘಾತ ಆಗುವ ಬಗೆ ಬೇರೆ. ಸಾಮಾನ್ಯವಾಗಿ ಪ್ಲಾಕಿನ ಮೇಲಿನ ತೆಳು ಹೊದಿಕೆ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ನಾಳ ದಿಢೀರನೆ ಮುಚ್ಚಿಹೋಗುತ್ತದೆ. ಹಾಗೆ ಹರಿಯುವುದು ದೊಡ್ಡ ಪ್ಲಾಕೇ ಆಗಬೇಕೆಂದಿಲ್ಲ. ಆ್ಯಂಜಿಯೋಗ್ರಾಂನಲ್ಲಿ ಅಷ್ಟೇನೂ ಕಿರಿದಾಗಿ ಕಾಣದ ಜಾಗದಲ್ಲೂ ಎಷ್ಟೋ ಆಘಾತಗಳು ಹುಟ್ಟುತ್ತವೆ. ಸ್ಟೆಂಟ್ ಹಿಗ್ಗಿಸುವುದು ಒಂದು ಜಾಗವನ್ನು. ಕಾಯಿಲೆ ಹರಡಿರುವುದು ಹಲವು ಕಡೆ. ಸ್ಟ್ಯಾಟಿನ್ ಮಾತ್ರೆ ಕೆಟ್ಟ ಕೊಲೆಸ್ಟರಾಲನ್ನು ಇಳಿಸಿ ಎಲ್ಲ ಕಡೆಯ ಪ್ಲಾಕ್ ಹರಿಯುವ ಸಾಧ್ಯತೆಯನ್ನೂ ತಗ್ಗಿಸುತ್ತದೆ.

1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುನ್ಟ್‌ಜಿಗ್ ಎಂಬ ವೈದ್ಯರು ಪುಟ್ಟ ಬಲೂನಿನಿಂದ ಮೊದಲ ಬಾರಿಗೆ ಕರೋನರಿ ನಾಳವನ್ನು ಹಿಗ್ಗಿಸಿದರು. ಆ್ಯಂಜಿಯೋಪ್ಲಾಸ್ಟಿ ಎಂಬ ಈ ಚಿಕಿತ್ಸೆ ಬೇಗನೆ ಹರಡಿತು; ಹಿಗ್ಗಿಸಿದ ಜಾಗ ಮತ್ತೆ ಕಿರಿದಾಗದಂತೆ ಕೂರಿಸುವ ಪುಟ್ಟ ಜಾಲರಿಯೇ ಸ್ಟೆಂಟ್. ಸ್ಥಿರ ಆ್ಯಂಜೈನಾ ಇರುವವರ ಆಯಸ್ಸನ್ನು ಅದು ಹೆಚ್ಚಿಸುತ್ತದೆಯೇ ಎಂಬ ಪ್ರಶ್ನೆಗೆ ದೊಡ್ಡ ಉತ್ತರ ಸಿಕ್ಕಿದ್ದು 2007ರಲ್ಲಿ, ‘ಕರೇಜ್’ ಅಧ್ಯಯನದಿಂದ. 2,287 ರೋಗಿಗಳಲ್ಲಿ ಅರ್ಧ ಜನರಿಗೆ ಒಳ್ಳೆಯ ಔಷಧ ಮಾತ್ರ, ಉಳಿದವರಿಗೆ ಔಷಧದ ಜೊತೆ ಆ್ಯಂಜಿಯೋಪ್ಲಾಸ್ಟಿ. ಸಾವಿನಲ್ಲಾಗಲಿ ಹೃದಯಾಘಾತದಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಭಾರತವೂ ಸೇರಿ 37 ದೇಶಗಳ 5,179 ರೋಗಿಗಳ ಮೇಲೆ ನಡೆದ ‘ಇಸ್ಕೀಮಿಯಾ’ ಅಧ್ಯಯನವೂ 2020ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು. ಆದರೆ ಮೇಲಿಂದ ಮೇಲೆ ಎದೆನೋವು ಬರುತ್ತಿದ್ದವರಿಗೆ ಸ್ಟೆಂಟ್ ಅಥವಾ ಬೈಪಾಸ್‌ನಿಂದ ಆರಾಮ ಹೆಚ್ಚಿತ್ತು.

ಈ ಆರಾಮದಲ್ಲಿ ಸ್ಟೆಂಟಿನ ಪಾಲೆಷ್ಟು, ‘ಚಿಕಿತ್ಸೆ ಆಯಿತು’ ಎಂಬ ಸಮಾಧಾನದ ಪಾಲೆಷ್ಟು? ಪ್ರಶ್ನೆ ಹಳೆಯದು. 1950ರ ದಶಕದಲ್ಲಿ ಎದೆಗೂಡಿನ ಒಂದು ನಾಳವನ್ನು ಕಟ್ಟಿ ಆ್ಯಂಜೈನಾ ಗುಣಪಡಿಸುವ ಶಸ್ತ್ರಚಿಕಿತ್ಸೆ ಜನಪ್ರಿಯವಾಗಿತ್ತು. ಬರಿಯ ಚರ್ಮ ಕೊಯ್ದು ಹೊಲಿದರೂ ಅಷ್ಟೇ ಗುಣ ಸಿಗುತ್ತದೆಂದು ಗೊತ್ತಾದ ಮೇಲೆ ಅದು ಮರೆಯಾಯಿತು. 2017ರಲ್ಲಿ ಲಂಡನ್ನಿನ ರಾಶಾ ಅಲ್-ಲಮೀ ಅವರ ತಂಡ ಇದೇ ಪರೀಕ್ಷೆಯನ್ನು ಸ್ಟೆಂಟಿಗೆ ಒಡ್ಡಿತು. ‘ಆರ್ಬಿಟಾ’ ಎಂಬ ಆ ಅಧ್ಯಯನದಲ್ಲಿ ಒಂದೇ ನಾಳದಲ್ಲಿ ಶೇ 70ಕ್ಕಿಂತ ಕಡಿಮೆಯಿಲ್ಲದ ಬ್ಲಾಕ್ ಇದ್ದ 200 ಜನರಿಗೆ ಮೊದಲು ಆರು ವಾರ ಔಷಧವನ್ನು ಸರಿಹೊಂದಿಸಿದರು. ಆಮೇಲೆ ಎಲ್ಲರಿಗೂ ಮಂಪರು ಬರಿಸಿ, ಕಿವಿಗೆ ಸಂಗೀತದ ಹೆಡ್‌ಫೋನ್ ಹಾಕಿ, ಅರ್ಧ ಜನರಿಗೆ ಮಾತ್ರ ಸ್ಟೆಂಟ್ ಕೂರಿಸಿದರು. ಯಾರಿಗೆ ಏನಾಯಿತೆಂದು ರೋಗಿಗಳಿಗೂ ಗೊತ್ತಿಲ್ಲ, ಆಮೇಲೆ ಪರೀಕ್ಷಿಸಿದವರಿಗೂ ಗೊತ್ತಿಲ್ಲ. ಆರು ವಾರ ಕಳೆದು ಟ್ರೆಡ್‌ಮಿಲ್ ಮೇಲೆ ನಡೆಸಿದಾಗ ಎರಡು ಗುಂಪುಗಳ ನಡುವೆ ಕಂಡ ವ್ಯತ್ಯಾಸ 16.6 ಸೆಕೆಂಡು. ಸಂಖ್ಯಾಶಾಸ್ತ್ರದ ಪ್ರಕಾರ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು.

ಹೃದ್ರೋಗ ತಜ್ಞರಲ್ಲಿ ದೊಡ್ಡ ಗದ್ದಲವೇ ಎದ್ದಿತು. ಅದೇ ತಂಡ 2023ರಲ್ಲಿ ‘ಆರ್ಬಿಟಾ-2’ ಪ್ರಕಟಿಸಿ ಚಿತ್ರವನ್ನು ಸರಿದೂಗಿಸಿತು ಎನ್ನಬೇಕು. ಈ ಸಲ 301 ರೋಗಿಗಳಿಗೆ ಆ್ಯಂಜೈನಾ ಮಾತ್ರೆಗಳನ್ನು ನಿಲ್ಲಿಸಿ ಪರೀಕ್ಷಿಸಿದರು. ಸ್ಟೆಂಟ್ ಹಾಕಿಸಿಕೊಂಡವರಿಗೆ ನೋವು ನಿಜಕ್ಕೂ ಕಡಿಮೆಯಾಗಿತ್ತು. ಆದರೂ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಸ್ವಲ್ಪವಾದರೂ ನೋವು ಉಳಿದಿತ್ತು.

ಇದನ್ನೆಲ್ಲ ಓದಿ ಸ್ಟೆಂಟೇ ದಂಡವೆಂದುಕೊಂಡರೆ ಅಪಾಯ. ಹೃದಯಾಘಾತ ಆಗುತ್ತಿರುವಾಗ ಮುಚ್ಚಿದ ನಾಳವನ್ನು ಬೇಗ ತೆರೆಯುವುದು ಜೀವ ಉಳಿಸುತ್ತದೆ. ಎಡಭಾಗದ ಮುಖ್ಯ ನಾಳವೇ ಕಿರಿದಾದವರನ್ನೂ ಹೃದಯದ ಪಂಪಿಂಗ್ ಶಕ್ತಿ ತೀರಾ ಕುಗ್ಗಿದವರನ್ನೂ ಇಸ್ಕೀಮಿಯಾ ಅಧ್ಯಯನ ಹೊರಗಿಟ್ಟಿತ್ತು. ಅದರ ಫಲಿತಾಂಶ ಅವರಿಗೆ ಸಲ್ಲುವುದಿಲ್ಲ.

ನಮ್ಮಲ್ಲಿ 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಮಿತಿ ಹೇರಿತು. ಒಳ್ಳೆಯ ಕ್ರಮವೇ. ಆದರೆ ಬೆಲೆಯ ಬಗ್ಗೆ ನಡೆದಷ್ಟು ಚರ್ಚೆ ಅಗತ್ಯದ ಬಗ್ಗೆ ನಡೆಯಲಿಲ್ಲ ಎಂಬುದು ನನ್ನ ಭಾವನೆ. ಸ್ಥಿರ ಆ್ಯಂಜೈನಾ ಇರುವವರಿಗೆ, ಮೇಲೆ ಹೇಳಿದಂಥ ವಿಶೇಷ ಅಪಾಯಗಳಿಲ್ಲದಿದ್ದರೆ, ನಿರ್ಧರಿಸಲು ಸಮಯವಿದೆ. ಆ ಸಮಯವನ್ನು ಬಳಸಿಕೊಳ್ಳಿ. ಈ ಸ್ಟೆಂಟ್ ನೋವು ತಗ್ಗಿಸಲೋ ಆಯಸ್ಸು ಹೆಚ್ಚಿಸಲೋ, ಮೊದಲು ಔಷಧ ಕೊಟ್ಟು ನೋಡಬಹುದೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಈಗಾಗಲೇ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರ ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಬೇಡಿ.