ಏಕಸ್ವಾಮ್ಯವೂ ಪ್ರಜಾಸ್ವಾಮ್ಯವೂ

ಒಂದು ಅಂಗಡಿಯ ಬಾಗಿಲು ಮುಚ್ಚಿದ್ದರೆ ಎದುರಿನ ಅಂಗಡಿಗೆ ಹೋಗಬಲ್ಲವನು ಗಿರಾಕಿ. ಹೋಗುವುದಕ್ಕೆ ಇನ್ನೊಂದು ಅಂಗಡಿಯೇ ಇಲ್ಲದವನು ಆ ಅಂಗಡಿಯವನ ಒಕ್ಕಲು. 2025ನೆಯ ಇಸವಿಯ ಡಿಸೆಂಬರ್ ತಿಂಗಳ ಆರಂಭದಲ್ಲಿ ನಮ್ಮ ದೇಶದ ವಿಮಾನ ಪ್ರಯಾಣಿಕರಿಗೆ ಈ ಭೇದವು ಚೆನ್ನಾಗಿ ಮನವರಿಕೆಯಾಯಿತು. ವಿಮಾನ ಚಾಲಕರಿಗೆ ಸಾಕಷ್ಟು ವಿಶ್ರಾಂತಿ ದೊರೆಯಬೇಕೆಂಬ ಹೊಸ ನಿಯಮವು ಆಗ ಜಾರಿಯಲ್ಲಿತ್ತು. ದೇಶದೊಳಗಣ ವಿಮಾನ ಸಂಚಾರದಲ್ಲಿ ಶೇಕಡಾ 60ನ್ನು ಮೀರಿದ ಪಾಲನ್ನು ಹೊಂದಿದ್ದ ಇಂಡಿಗೋ ಸಂಸ್ಥೆಯು ಅದಕ್ಕೆ ತಕ್ಕ ಸಿದ್ಧತೆಯನ್ನು ಮಾಡಿಕೊಂಡಿರಲಿಲ್ಲ. ಕೆಲವೇ ದಿನಗಳಲ್ಲಿ ಸಾವಿರಾರು ಸಂಚಾರಗಳು ರದ್ದಾದವು. ಬೆಂಗಳೂರು, ದಿಲ್ಲಿ, ಮುಂಬಯಿಗಳ ನಿಲ್ದಾಣಗಳಲ್ಲಿ ಜನರು ದಿಕ್ಕುಗಾಣದೆ ಕುಳಿತರು. ಆಗ ಸರಕಾರವು ಆ ಸಂಸ್ಥೆಯ ಮಟ್ಟಿಗೆ ನಿಯಮದ ಕೆಲವು ಭಾಗಗಳನ್ನು 2026ರ ಫೆಬ್ರವರಿ 10ರವರೆಗೆ ಸಡಿಲಿಸಿತು. ಆಮೇಲೆ ಅದರ ಸಂಚಾರಗಳನ್ನು ಶೇಕಡಾ 10ರಷ್ಟು ಕಡಿತಗೊಳಿಸಲು ಆಜ್ಞೆಮಾಡಿದ್ದೂ ಉಂಟು. ಆದರೆ ಮೊದಲು ಬಾಗಿದ್ದು ಕಾನೂನು. ಜನರ ಬವಣೆಯನ್ನು ನೀಗಿಸಲು ಬೇರೆ ಮಾರ್ಗವೇ ಇರಲಿಲ್ಲವೆಂದು ಕೆಲವರು ಹೇಳುತ್ತಾರೆ. ನಮ್ಮ ಆಕ್ಷೇಪವೂ ಅದೇ: ಬೇರೆ ಮಾರ್ಗವೇ ಇಲ್ಲದ ಸ್ಥಿತಿಗೆ ಸರಕಾರವು ಬಂದು ನಿಲ್ಲಬಾರದಾಗಿತ್ತು.

ಏಕಸ್ವಾಮ್ಯದ ಕೇಡೆಂದರೆ ಬೆಲೆಯೇರಿಕೆಯೆಂದೇ ಸಾಮಾನ್ಯರ ಭಾವನೆ. ಬೆಲೆಯು ಏರುವುದು ನಿಜ. ಆದರೆ ಏರಿದ ಬೆಲೆಯು ಇಳಿಯಬಲ್ಲುದು. ಬಾಗಿದ ಕಾನೂನನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು ಅಷ್ಟು ಸುಲಭವಲ್ಲ. ಎದುರಾಳಿಯಿಲ್ಲದ ವ್ಯಾಪಾರಿಗೆ ಸಂಪತ್ತು ಕೂಡುತ್ತದೆ. ಆ ಸಂಪತ್ತಿನಿಂದ ಆಳುವವರ ಸ್ನೇಹವು ಲಭಿಸುತ್ತದೆ. ಆ ಸ್ನೇಹದಿಂದ ಎದುರಾಳಿಯು ಹುಟ್ಟದಂತೆ ಬೇಲಿ ಹಾಕಲ್ಪಡುತ್ತದೆ. ಈ ಚಕ್ರವು ಹೇಗೆ ತಿರುಗುವುದೆಂಬುದನ್ನು ತಿಳಿಯಲು ಭಾರತೀಯನು ಪರದೇಶದ ಗ್ರಂಥಗಳನ್ನು ಹುಡುಕಬೇಕಾಗಿಲ್ಲ. ಅಂಥ ಒಂದು ಕಂಪೆನಿಯ ಪ್ರಜೆಗಳಾಗಿ ನಮ್ಮ ಪೂರ್ವಿಕರು ಬಾಳಿದ್ದರು.

ಈಸ್ಟ್ ಇಂಡಿಯಾ ಕಂಪೆನಿಗೆ 1600ನೆಯ ಇಸವಿಯ ಡಿಸೆಂಬರ್ 31ರಂದು ಎಲಿಜಬೆತ್ ರಾಣಿಯು ಕೊಟ್ಟ ಸನದು ಒಂದು ಏಕಸ್ವಾಮ್ಯದ ಸನದು. ಗುಡ್ ಹೋಪ್ ಭೂಶಿರದಿಂದ ಪೂರ್ವಕ್ಕೆ ಇನ್ನಾವ ಇಂಗ್ಲಿಷ್ ವರ್ತಕನೂ ವ್ಯಾಪಾರಕ್ಕೆ ಹೋಗಕೂಡದೆಂಬುದು ಅದರ ಸಾರ. ಸನದಿಗೆ ಅವಧಿಯುಂಟು, ಅವಧಿಯು ತೀರಿದಾಗಲೆಲ್ಲ ಅದನ್ನು ಮುಂದುವರಿಸಿಕೊಳ್ಳಬೇಕು. ಅದನ್ನು ಮುಂದುವರಿಸಿಕೊಳ್ಳುತ್ತಿದ್ದ ಬಗೆಯು 1695ರಲ್ಲಿ ಪಾರ್ಲಿಮೆಂಟು ಕಂಪೆನಿಯ ಲೆಕ್ಕದ ಪುಸ್ತಕಗಳನ್ನು ತೆರೆಸಿದಾಗ ಬಯಲಿಗೆ ಬಂದಿತು. 1688ರ ರಾಜ್ಯಕ್ರಾಂತಿಗೆ ಮೊದಲು ದೊಡ್ಡವರಿಗೆ ಸಲ್ಲುತ್ತಿದ್ದ ಕಾಣಿಕೆಯು ವರ್ಷಕ್ಕೆ 1,200 ಪೌಂಡುಗಳನ್ನು ಮೀರಿದ್ದು ಅಪರೂಪ; ಹೊಸ ಸನದು ದೊರೆತ 1693ರಲ್ಲಿ ಅದು 90,000 ಪೌಂಡುಗಳ ಸಮೀಪಕ್ಕೆ ಬೆಳೆದಿತ್ತೆಂದು ಇತಿಹಾಸಕಾರನಾದ ಜೇಮ್ಸ್ ಮಿಲ್ಲನು ಬರೆದಿದ್ದಾನೆ. ಕಂಪೆನಿಯ ಗವರ್ನರನಾಗಿದ್ದ ಥಾಮಸ್ ಕುಕ್ಕನು ಸೆರೆಗೆ ಹೋದನು. ಲಂಚದ ವಿಷಯವಾಗಿ ಲೀಡ್ಸಿನ ಡ್ಯೂಕನ ಮೇಲೆ ಪಾರ್ಲಿಮೆಂಟಿನಲ್ಲಿ ದೋಷಾರೋಪಣೆಯಾಯಿತು. ಮುಖ್ಯ ಸಾಕ್ಷಿಯು ಪರಾರಿಯಾದುದರಿಂದ ಅದು ಅಲ್ಲಿಗೇ ನಿಂತುಹೋಯಿತು.

ಮುಂದಿನ ಕಥೆಯು ಇದಕ್ಕಿಂತಲೂ ಬೋಧಪ್ರದವಾದುದು. 1765ರಲ್ಲಿ ಬಂಗಾಲದ ದಿವಾನಿಯು ಕಂಪೆನಿಯ ಕೈಸೇರಿತು. ಅದೇ ವರ್ಷ ಕ್ಲೈವನು ಕಂಪೆನಿಯ ಅಧಿಕಾರಿಗಳ ಒಂದು ಸಂಘವನ್ನು ಸ್ಥಾಪಿಸಿ, ಉಪ್ಪು, ಅಡಕೆ, ಹೊಗೆಸೊಪ್ಪುಗಳ ವ್ಯಾಪಾರವನ್ನು ಅದರ ವಶಕ್ಕೆ ಕೊಟ್ಟನು. ತೆರಿಗೆ ಎತ್ತುವವನೂ ಅವನೇ, ಉಪ್ಪು ಮಾರುವವನೂ ಅವನೇ ಆದಮೇಲೆ ರೈತನು ದೂರು ಕೊಡುವುದಾದರೂ ಯಾರಿಗೆ? ಇಂಗ್ಲೆಂಡಿನ ಸರಕಾರವು ಈ ಅನ್ಯಾಯವನ್ನು ತಡೆಯಬಹುದಾಗಿತ್ತು. ಅದು 1767ರಲ್ಲಿ ಕಂಪೆನಿಯಿಂದ ವರ್ಷಕ್ಕೆ 4 ಲಕ್ಷ ಪೌಂಡುಗಳನ್ನು ತನಗಾಗಿ ಗೊತ್ತುಮಾಡಿಕೊಂಡಿತು. ನ್ಯಾಯಾಧೀಶನೇ ಪಾಲುಗಾರನಾದನು. ಅನಂತರ 1770ರ ಮಹಾಕ್ಷಾಮವು ಬಂದಿತು. ಬಂಗಾಲದ ಜನರಲ್ಲಿ ಮೂರನೆಯ ಒಂದು ಪಾಲಾದರೂ ಅಳಿದುಹೋದರೆಂದು ವಾರನ್ ಹೇಸ್ಟಿಂಗ್ಸನೇ ಅಂದಾಜು ಮಾಡಿದನು; 1771ರ ಕಂದಾಯದ ವಸೂಲಿಯು ಕ್ಷಾಮಕ್ಕೆ ಮುಂಚಿನ 1768ರದನ್ನೂ ಮೀರಿತೆಂದು ವರದಿ ಮಾಡಿದವನೂ ಅವನೇ. ಅದೇ 1771ರಲ್ಲಿ ಷೇರುದಾರರ ಲಾಭಾಂಶವು ಶೇಕಡಾ ಹನ್ನೆರಡೂವರೆಗೆ ಏರಿತು.

ಇಷ್ಟಾದರೂ ಮರುವರ್ಷವೇ ಕಂಪೆನಿಯು ದಿವಾಳಿಯ ಅಂಚಿಗೆ ಬಂದು ಸರಕಾರದ ಮುಂದೆ ಕೈಚಾಚಿತು. ಅದು ಮುಳುಗಿದರೆ ದೇಶದ ಬೊಕ್ಕಸವೂ ಷೇರುದಾರರೂ ಜೊತೆಯಲ್ಲಿಯೇ ಮುಳುಗುವರೆಂಬ ಭಯದಿಂದ ಪಾರ್ಲಿಮೆಂಟು 1773ರಲ್ಲಿ 14 ಲಕ್ಷ ಪೌಂಡು ಸಾಲವನ್ನು ಕೊಟ್ಟಿತು. ಕಂಪೆನಿಯ ಉಗ್ರಾಣಗಳಲ್ಲಿ ಬಿದ್ದಿದ್ದ ಚಹವನ್ನು ಅಮೆರಿಕೆಯಲ್ಲಿ ಮಾರಲು ಹೊಸ ಕಾನೂನನ್ನೇ ಮಾಡಿಕೊಟ್ಟಿತು. ಆ ಡಿಸೆಂಬರ್ 16ರಂದು ಬಾಸ್ಟನ್ ಬಂದರದಲ್ಲಿ ಆ ಚಹವು ಸಮುದ್ರದ ಪಾಲಾದುದನ್ನೂ ಅದರ ಪರಿಣಾಮವನ್ನೂ ವಾಚಕರು ಬಲ್ಲರು. ಕಂಪೆನಿಯೊಂದನ್ನು ಉಳಿಸಲು ಹೋದ ಸಾಮ್ರಾಜ್ಯವು ಒಂದು ಖಂಡದಲ್ಲಿ ತನ್ನ ಪ್ರಜೆಗಳನ್ನೇ ಕಳೆದುಕೊಂಡಿತು!

ಆ ಕಂಪೆನಿಯು 1874ರಲ್ಲಿ ವಿಸರ್ಜನೆಯಾಯಿತು. ನಾವು ಸ್ವತಂತ್ರರಾಗಿದ್ದೇವೆ, ಕಾನೂನು ಮಾಡುವವರು ನಾವೇ ಆರಿಸಿದವರು. ಹಾಗಿದ್ದರೆ ಹಳೆಯ ಕಥೆಯನ್ನು ಏಕೆ ತೆಗೆಯಬೇಕು? ಆರಿಸಿ ಬರುವುದಕ್ಕೂ ಹಣ ಬೇಕಾಗಿರುವುದರಿಂದ. ಟಾಟಾ ಉಕ್ಕಿನ ಕಂಪೆನಿಯು ರಾಜಕೀಯ ಪಕ್ಷಗಳಿಗೆ ಹಣ ಕೊಡಲು ತನ್ನ ನಿಬಂಧನೆಗಳನ್ನು ತಿದ್ದಿಕೊಳ್ಳಲು ಅನುಮತಿ ಬೇಡಿದಾಗ, 1957ರಲ್ಲಿ ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಎಂ. ಸಿ. ಛಾಗ್ಲಾ ಅವರು ಕಾನೂನಿನಲ್ಲಿ ಅಡ್ಡಿಯಿಲ್ಲವೆಂದು ಒಪ್ಪಿದರು; ಆದರೆ ಇದರಿಂದ ಪ್ರಜಾಪ್ರಭುತ್ವಕ್ಕೆ ಬರಬಹುದಾದ ಗಂಡಾಂತರದ ಕಡೆಗೆ ಪಾರ್ಲಿಮೆಂಟಿನ ಗಮನವನ್ನು ಸೆಳೆದರು. ಪಾರ್ಲಿಮೆಂಟು 1969ರಲ್ಲಿ ಕಂಪೆನಿಗಳ ದೇಣಿಗೆಯನ್ನು ನಿಷೇಧಿಸಿತು. ಆದರೆ ಚುನಾವಣೆಯ ವೆಚ್ಚಕ್ಕೆ ಬೇರೆ ದಾರಿಯನ್ನು ತೋರಿಸಲಿಲ್ಲ. ಮುಂಬಾಗಿಲು ಮುಚ್ಚಿದ ಹಣವು ಹಿತ್ತಲ ಬಾಗಿಲಿನಿಂದ ಬಂದಿತು. 1985ರಲ್ಲಿ ನಿಷೇಧವು ತೆಗೆಯಲ್ಪಟ್ಟಿತು.

2017ರಲ್ಲಿ ಇದ್ದ ಮಿತಿಯೂ ಹೋಯಿತು. ಅದುವರೆಗೆ ಕಂಪೆನಿಯೊಂದು ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ ಏಳೂವರೆಗಿಂತ ಹೆಚ್ಚು ಕೊಡುವಂತಿರಲಿಲ್ಲ. ಯಾವ ಪಕ್ಷಕ್ಕೆ ಕೊಟ್ಟಿತೆಂಬುದನ್ನು ಲೆಕ್ಕದಲ್ಲಿ ತೋರಿಸಬೇಕಾಗಿತ್ತು. ಎರಡೂ ಕಟ್ಟುಗಳು ಸಡಿಲಿದವು. 2018ರ ಜನವರಿಯಲ್ಲಿ ಚುನಾವಣಾ ಬಾಂಡುಗಳ ಯೋಜನೆಯು ಬಂದಿತು. ಬಾಂಡನ್ನು ಕೊಂಡವನ ಹೆಸರು ಸರಕಾರದ ಒಡೆತನದ ಬ್ಯಾಂಕಿಗೆ ಗೊತ್ತು. ಮತ ಕೊಡುವವನಿಗೆ ಗೊತ್ತಿಲ್ಲ. ನಷ್ಟದಲ್ಲಿರುವ ಕಂಪೆನಿಯೂ ದೇಣಿಗೆ ಕೊಡಬಹುದಾಯಿತು! ತನ್ನ ಮನೆಯಲ್ಲಿ ಅಂಬಲಿಗೆ ಗತಿಯಿಲ್ಲದವನು ನೆರೆಮನೆಗೆ ಹೋಳಿಗೆ ಕಳುಹಿಸಿದರೆ, ಆ ಹೋಳಿಗೆಯು ಯಾರ ಒಲೆಯಿಂದ ಬಂದಿತೆಂದು ಊರವರು ಕೇಳುವುದು ತಪ್ಪೇ? 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಏಕಾಭಿಪ್ರಾಯದಿಂದ ಈ ಯೋಜನೆಯನ್ನೂ ಮಿತಿಯಿಲ್ಲದ ದೇಣಿಗೆಯನ್ನೂ ರದ್ದುಗೊಳಿಸಿದರು. ಅಷ್ಟರೊಳಗೆ 16,518 ಕೋಟಿ ರೂಪಾಯಿಗಳ ಬಾಂಡುಗಳು ಮಾರಾಟವಾಗಿ ಹೋಗಿದ್ದವು.

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ನಮ್ಮ ಹಿರಿಯರ ಮಾತು. ಗೃಹಸ್ಥನಲ್ಲಿ ಇದು ಸದ್ಗುಣ. ಶಾಸಕನಲ್ಲಿ ಇದೇ ಅನರ್ಥಕ್ಕೆ ಮೂಲ. ಯಾರ ಊಟ ಉಂಡನೆಂಬುದನ್ನು ಮರೆಯಿಟ್ಟ ಶಾಸಕನು ಯಾರಿಗೆ ಎರಡು ಬಗೆಯುತ್ತಿದ್ದಾನೆಂಬುದು ಪ್ರಜೆಗೆ ತಿಳಿಯುವುದು ಹೇಗೆ?

ದೊಡ್ಡ ಉದ್ಯಮಗಳೇ ಬೇಡವೆಂದು ಹೇಳುವವರು ನಾವಲ್ಲ. ಉಕ್ಕು, ವಿದ್ಯುತ್ತು, ವಿಮಾನಗಳು ಗುಡಿಸಲಿನಲ್ಲಿ ಹುಟ್ಟವು. ಭದ್ರಾವತಿಯ ಕಾರ್ಖಾನೆಯಿಂದ ಹೆಮ್ಮೆಪಟ್ಟ ಕನ್ನಡಿಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಎಲ್ಲವನ್ನೂ ಸರಕಾರದ ಪರವಾನಗಿಗೆ ಒಳಪಡಿಸಿದರೆ ರೋಗವು ವಾಸಿಯಾಗುವುದೆಂಬ ಭ್ರಮೆಯೂ ನಮಗಿಲ್ಲ. ಪರವಾನಗಿಯ ಪದ್ಧತಿಯೇ ದೊಡ್ಡ ಮನೆತನಗಳಿಗೆ ಅನುಕೂಲವಾಗಿ ಪರಿಣಮಿಸಿತೆಂದು 1969ರಲ್ಲಿ ದತ್ತ್ ಸಮಿತಿಯು ತೋರಿಸಿಕೊಟ್ಟಿತು. ನಾವು ಕೇಳುವುದು ಮೂರು ವಿಷಯಗಳನ್ನು. ಕಂಪೆನಿಗಳು ಪಕ್ಷಗಳಿಗೆ ಕೊಡುವ ಪ್ರತಿಯೊಂದು ದೇಣಿಗೆಯೂ ಹೆಸರು ಸಮೇತವಾಗಿ, ಮತದಾನಕ್ಕೆ ಮುಂಚೆಯೇ ಪ್ರಕಟವಾಗಲಿ. ಸರಕಾರದ ಗುತ್ತಿಗೆಯನ್ನು ಹಿಡಿದವರು ಪಕ್ಷಗಳಿಗೆ ಹಣ ಕೊಡುವುದು ನಿಲ್ಲಲಿ. 2002ರ ಕಾಯಿದೆಯಿಂದ ಹುಟ್ಟಿದ ಸ್ಪರ್ಧಾ ಆಯೋಗದ ತೀರ್ಪುಗಳು ಕಾಲಕ್ಕೆ ಸರಿಯಾಗಿ ಫಲ ಕೊಡಲಿ. ಸಿಮೆಂಟು ಕಂಪೆನಿಗಳು ಒಳಗೊಳಗೆ ಕೂಡಿಕೊಂಡವೆಂದು ಆಯೋಗವು 2012ರಲ್ಲಿ ಮೊದಲು, 2016ರಲ್ಲಿ ಮತ್ತೆ ವಿಧಿಸಿದ ದಂಡವನ್ನು ಮೇಲ್ಮನವಿಯ ಮಂಡಲಿಯು ಎತ್ತಿಹಿಡಿದದ್ದು 2018ರಲ್ಲಿ. ಅಲ್ಲಿಂದ ಮೊಕದ್ದಮೆಯು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅಷ್ಟರಲ್ಲಿ ಮನೆ ಕಟ್ಟಿಸಿದವನು ಕಟ್ಟಿಸಿಯಾಗಿತ್ತು, ಸಿಮೆಂಟಿನ ಬೆಲೆಯನ್ನು ಕೊಟ್ಟೂ ಆಗಿತ್ತು.

ಇದರಲ್ಲಿ ಅಧಿಕಾರಿಗಳ ಹೊಣೆಯು ಸಣ್ಣದಲ್ಲ. ಕಡತಕ್ಕೆ ರುಜು ಹಾಕುವ ಮುನ್ನ, ಈ ವಿನಾಯಿತಿಯು ನಾಡಿಗೆ ಅವಶ್ಯವೋ, ಒಬ್ಬನಿಗೆ ಮಾತ್ರ ಅನುಕೂಲವೋ ಎಂದು ಕೇಳಿಕೊಳ್ಳುವ ಒಬ್ಬ ಅಧಿಕಾರಿಯು ಹತ್ತು ಕಾನೂನುಗಳಿಗೆ ಸಮಾನನು. ನಾಗರಿಕರ ಹೊಣೆಯೂ ಅಷ್ಟೇ ದೊಡ್ಡದು. 1695ರಲ್ಲಿ ಲಂಡನ್ನಿನವರು ಕಂಪೆನಿಯ ಲೆಕ್ಕವನ್ನು ಒಮ್ಮೆ ತೆರೆಸಿ ಮತ್ತೆ ಮುಚ್ಚಿಬಿಟ್ಟರು. ಅದರ ಬಡ್ಡಿಯನ್ನು ಬಂಗಾಲದ ರೈತನು ತೆತ್ತನು. 2024ರಲ್ಲಿ ನಮ್ಮ ದೇಶದ ಲೆಕ್ಕವೂ ಒಮ್ಮೆ ತೆರೆಯಲ್ಪಟ್ಟಿದೆ. ಅದನ್ನು ಮತ್ತೆ ಮುಚ್ಚಗೊಡದಿರುವುದು ನಮ್ಮ ಕರ್ತವ್ಯ.